ದಾರವಿಲ್ಲದ ಹೊಲಿಗೆ

ದರ್ಜಿ ಫೋನನ್ನು ಹೊಲಿಗೆಯಂತ್ರದ ಹಲಗೆಯ ಮೇಲಿಟ್ಟ. ಅದರೊಳಗಿಂದ ನಾಯಿಮರಿಯ ಕುಂಯ್‌ಗುಟ್ಟುವಿಕೆ ಎಳೆಯೆಳೆಯಾಗಿ ಬರುತ್ತಿತ್ತು. ಈ ಯಂತ್ರದ ಕೆಳಗಿನ ಬುಟ್ಟಿಯಲ್ಲೇ ಹತ್ತು ವಾರ ಬೆಳೆದ ಬೊಗಸೆಯಷ್ಟು ಮರಿ, ಸೂಲಿನ ಕೊನೆಯದು, ನಿನ್ನೆಯಷ್ಟೇ ಲೈಬ್ರರಿ ಮೇಡಂ ಮನೆ ಸೇರಿತ್ತು.

“ನಮ್ಮನೇಲಿ ಒಂದು ಸದ್ದೂ ಇಲ್ಲ, ಟೈಲರಣ್ಣ. ಆದ್ರೂ ಮರಿ ನಿನ್ನೆಯಿಂದ ಕಣ್ಣು ಮುಚ್ಚಿಲ್ಲ.” ಫೋನಿನಲ್ಲಿ ಮೇಡಂ ಹೇಳುತ್ತಿದ್ದರು. “ ವಾಪಸ್ ಕೊಟ್ಬಾ ಅಂತಿದಾರೆ ನಮ್ಮಮ್ಮ.”

ಬುಟ್ಟಿಯ ಪಕ್ಕ ತಾಯಿನಾಯಿ ಕಿವಿ ನಿಮಿರಿಸಿತು. ಗುಂಡಿ ಹಚ್ಚುತ್ತಿದ್ದ ಹೆಂಡತಿ ನಕ್ಕಳು. “ಮಿಕ್ಸಿ, ಗಿರಾಕಿಗಳ ಜಗಳ, ನಿಮ್ಮ ಗೊರಕೆ, ಎಲ್ಲಾ ರೂಢಿ ಮಾಡ್ಸಿದ್ರಿ. ಸದ್ದಿಲ್ದೆ ಮಲಗೋದು ಕಲಿಸೋದನ್ನೇ ಮರೆತ್ರಲ್ಲ!”

‘ತಂದುಬಿಡಿ’ ಎಂಬ ಮಾತು ಅವನ ನಾಲಿಗೆಯ ತುದಿಗೆ ಬಂದಿತ್ತು. ಹೊಂದಿಕೊಳ್ಳದಿದ್ದರೆ ಯಾವಾಗ ಬೇಕಾದರೂ ವಾಪಸ್ ತನ್ನಿ ಎಂದು ಹೇಳಿ ಕಳಿಸಿದವನೂ ಅವನೇ. ಖಾಲಿ ಬುಟ್ಟಿಯನ್ನು ಒಮ್ಮೆ ನೋಡಿದ. ಆಮೇಲೆ ಸೂಜಿಯಿಂದ ದಾರ ಬಿಡಿಸಿ, ಬರಿಯ ಯಂತ್ರವನ್ನು ಮೆಲ್ಲಗೆ ತುಳಿಯತೊಡಗಿದ. “ಫೋನು ಅದರ ಕಿವಿ ಹತ್ರ ಹಿಡೀರಿ, ಮೇಡಂ.”

ಟಕಟಕ ಸದ್ದು ಮಧ್ಯಾಹ್ನದ ಬಿಸಿಲಲ್ಲಿ ತೇಲುತ್ತ, ಯಾವುದೋ ಕಾಣದ ಬಟ್ಟೆಯ ಅಂಚನ್ನು ಹೊಲಿಯುತ್ತ, ಅವನು ಕಂಡಿರದ ಆ ಕೋಣೆಯವರೆಗೂ ಹೋಯಿತು. ಕುಂಯ್‌ಗುಟ್ಟುವಿಕೆ ತೆಳುವಾಯಿತು, ತೂಕಡಿಸಿತು, ನಿಂತಿತು.

“ಮಲಗ್ತು,” ಎಂದು ಮೇಡಂ ಪಿಸುಗುಟ್ಟಿದರು.

“ನಾಳೆ ಇನ್ನೂ ಮೆಲ್ಲಗೆ ತುಳೀತೀನಿ. ದಿನಾ ಇಷ್ಟಿಷ್ಟೇ ಕಮ್ಮಿ ಮಾಡೋಣ. ಒಂದು ವಾರಕ್ಕೆ ನಿಮ್ಮನೆ ಮೌನಾನೂ ಒಗ್ಗಿಹೋಗುತ್ತೆ, ನಾನು ಬೇಕಾಗಲ್ಲ.”

ಫೋನು ಇಟ್ಟ ಮೇಲೂ ಅವನ ಕಾಲು ನಿಲ್ಲಲಿಲ್ಲ. ತಾಯಿನಾಯಿ ಖಾಲಿ ಬುಟ್ಟಿಗೆ ಹತ್ತಿ ಮುದುರಿ ಮಲಗಿತು.