ತಂಡದಲ್ಲಿ ಎಲ್ಲರೂ ನೀಲಾಂಬಿಕಾ

ಒಬ್ಬರೇ ರಾಕ್ ಆಲ್ಬಂ ಮಾಡುವವರು ಹಿಂದಿನ ವಯಸ್ಸುಗಳ ತಮ್ಮನ್ನೇ ಸ್ಟುಡಿಯೋಗೆ ಕರೆಸಿಕೊಂಡು ಒಟ್ಟಿಗೆ ನುಡಿಸುವುದು ಹುಬ್ಬಳ್ಳಿಯಲ್ಲಿ ಈಗ ವಾಡಿಕೆ. ಐವತ್ತರ ನೀಲಾಂಬಿಕಾ ಹಾಡಲು ನಿಂತಿದ್ದಳು. ಇಪ್ಪತ್ತರ ನೀಲಾಂಬಿಕಾ ಡ್ರಮ್ಸ್ ಮುಂದೆ ಕೋಲು ತಿರುಗಿಸುತ್ತಿದ್ದಳು. ಗಿಟಾರಿಗೆಂದು ಬಂದ ಮೂವತ್ತರವಳು ಮಾತ್ರ ಸೆರಗಿಗೆ ಕೈ ಒರೆಸುತ್ತ ಬಾಗಿಲಲ್ಲೇ ನಿಂತಳು.

"ಮದುವ್ಯಾದಮ್ಯಾಲೆ ಗಿಟಾರ್ ಮುಟ್ಟೇ ಇಲ್ಲಕ್ಕಾ, ಬೆರಳು ಮೆತ್ತಗಾಗ್ಯಾವ. ಬ್ಯಾರೆ ವಯಸ್ಸಿನಾಕಿನ್ನ ಕರೀರಿ."

"ಅಯ್ಯ, ನಾ ಹಿಂಗ ಆಗ್ತೀನೇನು?" ಡ್ರಮ್ಸ್ ಹುಡುಗಿ ಕಿಸಕ್ಕನೆ ನಕ್ಕಳು.

ಐವತ್ತರ ನೀಲಾಂಬಿಕಾ ಮೈಕ್ ಬಿಟ್ಟು ಬಾಗಿಲಿಗೆ ಬಂದಳು. ಗಿಟಾರನ್ನು ಮೂವತ್ತರವಳ ಹೆಗಲಿಗೆ ತಾನೇ ಹಾಕಿದಳು.

"ತಪ್ಪಿದ್ರ ತಪ್ಪಲಿ, ಅದೂ ಹಾಡಿನಾಗ ಇರ್ಲಿ. ನೀ ಇಲ್ಲದ ಆಲ್ಬಂ ನಂದು ಹೆಂಗಾದೀತವ್ವ?"

ಹಾಡು ಶುರುವಾಯಿತು. ಮೂವತ್ತರವಳ ಬೆರಳು ತಡವರಿಸಿದಾಗ ಡ್ರಮ್ಸ್ ಹುಡುಗಿ ನಗಲಿಲ್ಲ; ಅವಳಿಗಾಗಿ ತಾಳವನ್ನು ತುಸು ನಿಧಾನ ಮಾಡಿದಳು.