ಎರಡು ಕ್ಯಾನು ಹೊಲಸು ನೀರು

ಸ್ಫೂರ್ತಿಯ ಹತ್ತಿರ ಬೂಷ್ಟು ಇತ್ತು, ಹೊಲಸು ನೀರು ಇರಲಿಲ್ಲ. ಬೆಲ್ಲದ ನೀರಿನಲ್ಲಿ ಬೆಳೆಸಿದ ಕಪ್ಪು ಬೂಷ್ಟನ್ನು ಒಣಗಿಸಿ, ಪುಡಿ ಮಾಡಿ, ಬಾಟಲಿಗೆ ತುಂಬಿಟ್ಟಿದ್ದಳು. ನೀರಿನಲ್ಲಿ ಕರಗಿದ ನಿಕ್ಕಲ್ಲು, ತಾಮ್ರವನ್ನು ಆ ಪುಡಿ ಹೀರಿಕೊಳ್ಳುತ್ತದೆ ಎಂದು ಸೋಮವಾರ ಧಾರವಾಡದ ಕಾಲೇಜಿನಲ್ಲಿ ತೋರಿಸಬೇಕು. ಇಲ್ಲದಿದ್ದರೆ ಎಂ.ಎಸ್ಸಿ. ಇನ್ನೊಂದು ವರ್ಷ. ಲ್ಯಾಬಿನಲ್ಲಿ ಕಲಸಿದ ನೀರು ನಡೆಯದು, ಕೆಲಸದ ಜಾಗದಿಂದ ಬಂದದ್ದೇ ಬೇಕು ಎಂದು ಗೈಡ್ ಹೇಳಿದ್ದರು.

"ಬೂಷ್ಟು ಹಿಡಿಸಾಕ ಎಮ್ಮೆಸ್ಸಿ ಓದಬೇಕಿತ್ತೇನ? ನನ್ನ ಉಪ್ಪಿನಕಾಯಿ ಭರಣೀನ ಕೇಳಿದ್ರ ಹೇಳ್ತಿತ್ತು," ಎಂದಳು ತಾಯಿ ಅನ್ನಪೂರ್ಣವ್ವ.

ಶನಿವಾರ ಅಪ್ಪ ಶಂಕ್ರಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಎರಡು ಖಾಲಿ ಕ್ಯಾನು ಬೈಕಿಗೆ ಕಟ್ಟಿ, ಮಗಳನ್ನು ಶಿರಸಿಯ ದಿನಕರನ ಗಿಲೀಟು ಅಂಗಡಿಗೆ ಕರೆತಂದ. ಬೈಕಿನ ಸೈಲೆನ್ಸರಿಗೂ ದೇವರ ಪ್ರಭಾವಳಿಗೂ ಅದೇ ಕೈಯಲ್ಲಿ ನಿಕ್ಕಲ್ಲು, ತಾಮ್ರದ ಲೇಪ ಹಾಕಿ ಹೊಳಪು ಕೊಡುವವನು ದಿನಕರ.

"ಅಣ್ಣಾರ, ನೀವು ತೊಳೆದು ಚೆಲ್ಲೋ ನೀರು ಎರಡು ಕ್ಯಾನು ಬೇಕಾಗಿತ್ರಿ," ಎಂದಳು ಸ್ಫೂರ್ತಿ.

"ಎಂತಕ್ಕೆ?"

ಅವಳು ಬಾಯಿ ತೆರೆಯುವಷ್ಟರಲ್ಲಿ ಶಂಕ್ರಪ್ಪ ಮುಂದೆ ಬಂದ. "ಟೆಸ್ಟ್ ಮಾಡಾಕ್ರಿ! ಯಾರ ಅಂಗಡ್ಯಾಗ ಎಷ್ಟು ವಿಷ ಐತಿ, ಎಲ್ಲಾ ಬಯಲಿಗೆ ಬರತೈತಿ. ರಿಪೋರ್ಟು ಧಾರವಾಡಕ್ಕ ಹೋಗತೈತಿ. ನಮ್ಮ ಹುಡುಗಿ ಅಂದ್ರ ಸುಮ್ನ ಅಲ್ರಿ."

ದಿನಕರನ ಮುಖದ ಗಿಲೀಟು ಇಳಿಯಿತು. "ಕೂತ್ಕಳಿ, ಚಾ ಹೇಳ್ತೆ," ಎಂದು ಹಿತ್ತಲಿಗೆ ಹೋದ. ಚಾ ಬಂತು, ಮುಗಿಯಿತು. ಹಿತ್ತಲಿನಲ್ಲಿ ಡ್ರಮ್ಮು ಉರುಳಿದ ಸದ್ದು ಕೇಳಿಸಿತು. ಕಡೆಗೆ ಅವನು ಬೆವರು ಒರೆಸಿಕೊಳ್ಳುತ್ತ ಎರಡೂ ಕ್ಯಾನು ತುಂಬಿಸಿ ತಂದ.

ಸ್ಫೂರ್ತಿ, ನಿಕ್ಕಲ್ಲು ತಾಗಿದರೆ ಕೆಂಪಾಗುವ ಪರೀಕ್ಷೆಯ ಕಾಗದ ಅದ್ದಿದಳು. ಬಣ್ಣ ತಿರುಗಲಿಲ್ಲ.

"ಇದು ನಲ್ಲಿ ನೀರು."

"ನಮ್ಮಲ್ಲಿ ಬರೂದೇ ಇಂಥಾ ನೀರು ಮೇಡಂ," ಎಂದು ದಿನಕರ ಲೋಟಕ್ಕೆ ಬಗ್ಗಿಸಿ ಗಟಗಟ ಕುಡಿದು ತೋರಿಸಿದ. ಶಂಕ್ರಪ್ಪನಿಗೂ ಬಾಯಾರಿತ್ತು. ಅವನೂ ಒಂದು ಲೋಟ ಕುಡಿದ.

"ಹೌದವಾ, ಸಿಹಿ ನೀರು ಐತಿ. ಭಾಳ ಚೊಲೋ ಮಂದಿ."

"ಅಪ್ಪಾ, ನೀ ಸುಮ್ನಿರು!" ಸ್ಫೂರ್ತಿ ಕಾಲೇಜಿನ ಕಾರ್ಡನ್ನೂ ಪುಡಿಯ ಬಾಟಲಿಯನ್ನೂ ಮೇಜಿನ ಮೇಲಿಟ್ಟಳು. "ನಾ ಆಫೀಸರ್ ಅಲ್ರಿ, ಸ್ಟೂಡೆಂಟ್. ಈ ಪುಡಿ ಹಾಕಿದ್ರ ನಿಕ್ಕಲ್ಲೆಲ್ಲಾ ಇದಕ್ಕ ಅಂಟತೈತಿ, ನೀರು ಸುಧಾರಿಸತೈತಿ. ಯಾರ ಹೆಸರೂ ಬರಿಯಂಗಿಲ್ಲ."

ದಿನಕರ ಕಾರ್ಡಿನ ಫೋಟೊ ನೋಡಿದ, ಅವಳನ್ನು ನೋಡಿದ, ಹಣೆ ಬಡಿದುಕೊಂಡ. "ಮೊದಲೇ ಹೇಳೂಕೆ ಎಂತಾಗಿತ್ತು ತಂಗಿ? ಎಲ್ಲಿ ಚೆಲ್ಲೂದು ಗೊತ್ತಾಗ್ದೆ ಆರು ಡ್ರಮ್ಮು ಮುಚ್ಚಿಟ್ಕಂಡಿದ್ದೆ. ಈಗಷ್ಟೇ ಎಲ್ಲಾ ಗಟಾರಕ್ಕೆ ಬಿಟ್ಟೆ!"

ಮೂವರೂ ಹಿತ್ತಲಿಗೆ ಓಡಿದರು. ಡ್ರಮ್ಮುಗಳು ಬೋರಲು ಬಿದ್ದಿದ್ದವು. ಹಸಿರು ನೀರು ಗಟಾರ ಹಿಡಿದು, ಗೋಡೆಯ ತೂತು ದಾಟಿ, ಕೆಳಗಿನ ಮನೆಯ ಹೊನ್ನಿಯ ಹೊಂಡಕ್ಕೆ ಇಳಿಯುತ್ತಿತ್ತು. ಸ್ಫೂರ್ತಿ ಕ್ಯಾನು ಬರಿದು ಮಾಡಿ, ನೀರು ಬೀಳುವಲ್ಲಿಗೆ ಒಡ್ಡಿ, ಎರಡನ್ನೂ ತುಂಬಿಸಿಕೊಂಡಳು. ಅದ್ದಿದ ಕೂಡಲೇ ಕಾಗದ ಕೆಂಪಾಯಿತು.

"ಸಿಕ್ತಪ್ಪಾ!" ಎಂದು ಕುಣಿದಳು.

ಹೊನ್ನಿ ದಡದ ಮೇಲೆ ಸೊಂಟಕ್ಕೆ ಕೈಕೊಟ್ಟು ನಿಂತು ಇದನ್ನೆಲ್ಲ ನೋಡುತ್ತಿದ್ದಳು. ಶಂಕ್ರಪ್ಪನಿಗೆ ಈಗಲೂ ಸುಮ್ಮನಿರಲಾಗಲಿಲ್ಲ. ಎಂಥ ವಿಷವನ್ನಾದರೂ ಹೀರುವ ಮಗಳ ಪುಡಿಯ ಮಹಿಮೆಯನ್ನು ಅವಳಿಗೂ ವಿವರಿಸಿದ.

"ಹಂಗಾರೆ ಅದ್ನ ನನ್ ಹೊಂಡಕ್ಕೆ ಹಾಕು ಮಗಾ," ಎಂದಳು ಹೊನ್ನಿ. "ಮೀನು ಬಿಟ್ಟಿದೀನಿ."

ಸ್ಫೂರ್ತಿ ಹೊಂಡ ನೋಡಿದಳು, ಬಾಟಲಿ ನೋಡಿದಳು. "ಇದು ಎರಡು ಕ್ಯಾನಿಗಷ್ಟ ಸಾಕಾಗತೈತ್ರಿ," ಎಂದು ಅದನ್ನು ಬ್ಯಾಗಿಗೆ ಹಾಕಿಕೊಂಡು ಬೈಕು ಹತ್ತಿದಳು.

ಸಂಜೆಯ ಹೊತ್ತಿಗೆ ಹೊಂಡದಲ್ಲಿ ಇಪ್ಪತ್ತಮೂರು ಮೀನು, ನಾಲ್ಕು ಕಪ್ಪೆ, ಒಂದು ಆಮೆ ಸತ್ತು ತೇಲುತ್ತಿದ್ದವು.