ಸಂಚಿಯೊಳಗಿನ ಕಡ್ಡಿ

“ಒಳಗಿನ ಆಳ ಎಷ್ಟು ಇಂಚು ಇಡ್ಲಿ ಯಜಮಾನ್ರೇ?” ಅಂತ ತಿಪಟೂರಿನ ಲೇತ್ ಅಂಗಡಿ ಕೆಂಚಪ್ಪ ಕೇಳಿದಾಗ ಸಣ್ಣತಿಮ್ಮಯ್ಯನ ಕೈ ತಾನಾಗೇ ಎಲೆಅಡಿಕೆ ಸಂಚಿಗೆ ಹೋಯಿತು. ಬೆಳಗ್ಗೆ ಅಳತೆಗೆ ಸರಿಯಾಗಿ ಮುರಿದಿಟ್ಟ ಹಸಿ ತೆಂಗಿನ ಕಡ್ಡಿ ಅದರೊಳಗೆ, ಸುಣ್ಣದ ಡಬ್ಬಿ ಪಕ್ಕದಲ್ಲಿತ್ತು. ಹೋದ ಕೈ ಅಲ್ಲೇ ನಿಂತುಬಿಟ್ಟಿತು. ಅವನಿಗಿಂತ ಮುಂಚೆ ಬಂದಿದ್ದ ಒಬ್ಬ ರೈತ, ಪಂಪಿನ ಪುಲ್ಲಿ ಅಳತೆ ಅಂತ ಗಂಟು ಹಾಕಿದ ಹಗ್ಗ ತೋರಿಸಿದ್ದ. “ಹೆಣ್ಣಿನ ಸೊಂಟ ಅಳ್ಕೊಂಡು ಬಂದವ್ನೆ ಕಣ್ಲಾ” ಅಂತ ಬೆಂಚಿನ ಮೇಲಿದ್ದ ಲಾರಿ ಡ್ರೈವರುಗಳು ನಕ್ಕಿದ್ದರು. ಕೆಂಚಪ್ಪನೂ ನಕ್ಕಿದ್ದ.

“ನಾಲ್ಕೂವರೆ” ಅಂದುಬಿಟ್ಟ ಸಣ್ಣತಿಮ್ಮಯ್ಯ. ಸ್ವಲ್ಪ ಹೊತ್ತಿನ ಮುಂಚೆ ಬೇರೆ ಯಾರೋ ಅಂದಿದ್ದ ಲೆಕ್ಕ ಅದು. ಟೇಪಿನ ಮೇಲಿನ ಗೀಟುಗಳು ಅವನ ಕಣ್ಣಿಗೆ ಯಾವತ್ತೂ ಇರುವೆ ಸಾಲೇ.

“ನಾಲ್ಕೂವರೆ ಅಂದ್ರೆ ಚಕ್ರ ಬಾಳ ಒಳೀಕೆ ಹೋಯ್ತದಲ್ಲ. ಕಮಾನಿಗೆ ತಾಗಲ್ವಾ?”

“ತಾಗಕಿಲ್ಲ. ಟೇಪು ಹಿಡ್ದೇ ನೋಡಿವ್ನಿ.”

ಆ ಚಕ್ರಗಳು ಬಿಳಿಗೆರೆಯ ತೋಂಟದಾರ್ಯನ ಪಿಕಪ್ಪಿನವು. ಅವನ ಅಪ್ಪನ ಕಾಲದ ಗಾಡಿ. ಆ ಅಳತೆಯ ಟೈರು ಈಗ ಎಲ್ಲೂ ಸಿಗುತ್ತಿರಲಿಲ್ಲ. ಹಾಗಾಗಿ ಬೇರೆ ರಿಮ್ಮು ತಂದು, ಹಳೇ ಚಕ್ರದ ನಟ್ಟು ಕೂರುವ ತಟ್ಟೆಯನ್ನು ಬಿಡಿಸಿ ಅದರೊಳಗೆ, ಒಳ ಅಂಚಿನಿಂದ ಸರಿಯಾದ ಆಳಕ್ಕೆ, ಬೆಸುಗೆ ಹಾಕಿಸಬೇಕಿತ್ತು. ಮಂಡಿ ಹಿಡಿದಿದ್ದ ತಾಯಿ ದ್ರಾಕ್ಷಾಯಣಮ್ಮ ಹತ್ತಲಿ ಅಂತ ತೋಂಟದಾರ್ಯ ಚಕ್ರದ ಒಳಬದಿಯ ಸ್ಪ್ರಿಂಗು ಕಮಾನಿನ ಪಟ್ಟಿ ಎರಡೆರಡು ತೆಗೆಸಿ ಗಾಡಿಯನ್ನೇ ತಗ್ಗಿಸಿದ್ದ. ತಗ್ಗಿದ ಗಾಡಿಗೆ ಚಕ್ರ ಹೊರಗೆ ಬಂದರೆ ಮಡ್‌ಗಾರ್ಡ್ ಉಜ್ಜುತ್ತೆ, ಒಳಗೆ ಹೋದರೆ ಕಮಾನು ಉಜ್ಜುತ್ತೆ. ಎತ್ತಿನ ಗಾಡಿಗೆ ನಲವತ್ತು ವರ್ಷ ಚಕ್ರ ಕಟ್ಟಿದ ಸಣ್ಣತಿಮ್ಮಯ್ಯನಿಗೆ ಅದು ತಿಳಿಯದ್ದಲ್ಲ. ತೋಂಟದಾರ್ಯ ಅಳತೆಯ ಕೆಲಸ ಒಪ್ಪಿಸಿದ್ದೂ ಅವನಿಗೇ. “ಬರೀ ಗಾಡಿ ಸುಳ್ಳು ಹೇಳ್ತದೆ ಬುದ್ಧಿ” ಅಂತ ಐನೂರು ತೆಂಗಿನಕಾಯಿ ತುಂಬಿಸಿ, ಹೊರೆಗೆ ಕುಸಿದ ಗಾಡಿಯ ಕೆಳಗೆ ಅಂಗಾತ ಮಲಗಿ, ಎರಡು ಸಲ ಇಟ್ಟು ನೋಡಿ ಆ ಕಡ್ಡಿ ಮುರಿದಿದ್ದ.

ಚಕ್ರ ಬಂದವು, ಕೂರಿಸಿದ್ದೂ ಆಯಿತು. ಟೈರಿಗೂ ಕಮಾನಿಗೂ ನಡುವೆ ಬೀಡಿ ಎಲೆ ತೂರುವಷ್ಟೇ ಸಂದು. ಸಣ್ಣತಿಮ್ಮಯ್ಯ ಅದನ್ನು ಕಂಡ. ಆಗಲಾದರೂ ಬಾಯಿ ಬಿಡಬಹುದಾಗಿತ್ತು. ದ್ರಾಕ್ಷಾಯಣಮ್ಮ ಆಗಲೇ ಹೊಸ ಸೀರೆ ಉಟ್ಟು, ಮಡಿಲಲ್ಲಿ ಕೊಬ್ಬರಿ ಮಿಠಾಯಿ ಕಟ್ಟಿಕೊಂಡು, ಯಾರ ಕೈಯನ್ನೂ ಹಿಡಿಯದೆ ಗಾಡಿ ಹತ್ತಿ ಕೂತಿದ್ದಳು. ದಂಡಿನಶಿವರದಲ್ಲಿದ್ದ ಅಕ್ಕನ ಮುಖ ನೋಡಿ ಅವಳಿಗೆ ಎರಡು ವರ್ಷವಾಗಿತ್ತು. “ನಿನ್ನ ಕೈಗುಣ ಕಣಪ್ಪ ಸಣ್ಣತಿಮ್ಮ” ಅಂದಳು. ಅವನು ಗಾಡಿಯ ಬಾಗಿಲು ಹಾಕಿದ.

ಅರ್ಧ ದಾರಿ ಹೋಗಿಲ್ಲ, ಒಂದು ತಿರುವಿನಲ್ಲಿ ಟೈರು ಕಮಾನಿಗೆ ಉಜ್ಜಿ, ಹೊಗೆಯಾಡಿ ಒಡೆಯಿತು. ಯಾರಿಗೂ ಪೆಟ್ಟಾಗಲಿಲ್ಲ. ದ್ರಾಕ್ಷಾಯಣಮ್ಮ ಉರಿಬಿಸಿಲಲ್ಲಿ ಮೈಲಿಗಲ್ಲಿನ ಮೇಲೆ ಮಧ್ಯಾಹ್ನದವರೆಗೆ ಕೂತಿದ್ದು, ಯಾರದೋ ಎತ್ತಿನ ಗಾಡಿಯಲ್ಲಿ ಮನೆಗೆ ವಾಪಸು ಬಂದಳು. ಮಡಿಲಿನ ಮಿಠಾಯಿ ಕರಗಿ ಸೀರೆಗೆ ಅಂಟಿತ್ತು.

ಮಾರನೇ ದಿನ ತೋಂಟದಾರ್ಯ ನಾಲ್ಕು ಚಕ್ರವನ್ನೂ ಲೇತ್ ಅಂಗಡಿ ಮುಂದೆ ಉರುಳಿಸಿದ. ಸಣ್ಣತಿಮ್ಮಯ್ಯ ಅವನ ಹಿಂದೆ ನಿಂತಿದ್ದ. ಬೆಂಚಿನ ಮೇಲೆ ಅವತ್ತೂ ಮೂರು ಜನ.

“ಏನಯ್ಯಾ ಕೆಂಚಪ್ಪ, ನಮ್ಮವ್ವನ್ನ ಬೀದೀಲಿ ಕೂರಿಸಿಬುಟ್ಟಲ್ಲೋ. ಅಳತೆ ನೋಡಕ್ಕೆ ಬರಲ್ವಾ ನಿಂಗೆ?”

ಕೆಂಚಪ್ಪ ಒಡೆದ ಟೈರು ನೋಡಿದ. “ನಾಲ್ಕೂವರೆ ಅಂತ ಯಜಮಾನ್ರೇ ಹೇಳಿದ್ದು...”

“ಸಣ್ಣತಿಮ್ಮಣ್ಣ ಅಳತೆ ತಪ್ಪೋ ಆಸಾಮಿ ಅಲ್ಲ. ನಮ್ಮ ಮನೇಲಿ ಅವ್ನು ಕಟ್ಟಿದ ಚಕ್ರ ನಮ್ಮಪ್ಪನ ಕಾಲದಿಂದ ಉರುಳ್ತಾವೆ. ನಿನ್ನ ತಪ್ಪನ್ನ ಮುದುಕನ ತಲೆಗೆ ಕಟ್ಟಬ್ಯಾಡ.”

ಇಬ್ಬರೂ ಸಣ್ಣತಿಮ್ಮಯ್ಯನ ಕಡೆ ತಿರುಗಿದರು. ಅವನು ಸಂಚಿಯನ್ನು ಸೊಂಟದೊಳಗೆ ಇನ್ನಷ್ಟು ಸಿಕ್ಕಿಸಿಕೊಂಡ. ಕೆಂಚಪ್ಪ ಅವನ ಮುಖವನ್ನೇ ಒಂದು ಗಳಿಗೆ ನೋಡಿದ. “ಬುಡಿ ಸ್ವಾಮಿ, ನಂದೇ ತಪ್ಪಿರಬೋದು. ಹೊಸ್ದಾಗಿ ಬೆಸುಗೆ ಹಾಕ್ಕೊಡ್ತೀನಿ, ಕಾಸು ಬ್ಯಾಡ” ಅಂದು ಟೇಪು ಎಳೆದ. “ಈಗ ಎಷ್ಟಕ್ಕೆ ಇಡ್ಲಿ ಹೇಳಿ, ಯಜಮಾನ್ರೇ.”

ಇನ್ನೊಂದು ಲೆಕ್ಕ ಬಾಯಿಗೆ ಬಂದೇಬಿಟ್ಟಿತ್ತು. ಅದರ ಹಿಂದೆಯೇ ಮೈಲಿಗಲ್ಲಿನ ಮೇಲೆ ಕೂತ ಮುದುಕಿ ಕಣ್ಣಿಗೆ ಕಟ್ಟಿದಳು. ಸಣ್ಣತಿಮ್ಮಯ್ಯ ಸಂಚಿಯ ದಾರ ಬಿಚ್ಚಿದ. ಒಣಗಿ ಕಂದಾಗಿದ್ದ ಕಡ್ಡಿ, ತುದಿಗೆ ಸುಣ್ಣ ಮೆತ್ತಿಕೊಂಡು, ಹೊರಗೆ ಬಂತು.

“ನಂಗೆ ಟೇಪು ಓದಕ್ಕೆ ಬರಕಿಲ್ಲ” ಅಂದ.

ಕೆಂಚಪ್ಪ ಕಡ್ಡಿಯನ್ನು ಟೇಪಿನ ಮೇಲಿಟ್ಟ. ಮೂರೂ ಮುಕ್ಕಾಲು. ಕಮಾನಿನಿಂದಲೂ ಮಡ್‌ಗಾರ್ಡಿನಿಂದಲೂ ಎಷ್ಟು ಬೇಕೋ ಅಷ್ಟೇ ದೂರ.

“ಇದು ಅವತ್ತೂ ನಿನ್ನ ಸಂಚೀಲೇ ಇತ್ತಾ?” ಅಂತ ತೋಂಟದಾರ್ಯ ಮೆಲ್ಲಗೆ ಕೇಳಿದ.

“ಇತ್ತು ಬುದ್ಧಿ.”

ಬೆಂಚಿನ ಮೇಲಿನವರು ಈಗ ನಗುತ್ತಾರೆ ಅಂತ ಸಣ್ಣತಿಮ್ಮಯ್ಯ ಕಾದ. ಯಾರೂ ನಗಲಿಲ್ಲ. ಕೆಂಚಪ್ಪ ಟೇಪನ್ನು ಸುತ್ತಿ ಪೆಟ್ಟಿಗೆಗೆ ಹಾಕಿ ಮುಚ್ಚಿದ. ಆಮೇಲೆ ಚಕ್ರದ ಮುಂದೆ ಕುಕ್ಕರಗಾಲಲ್ಲಿ ಕೂತು, ಆ ಕಡ್ಡಿಯನ್ನೇ ಇಟ್ಟು, ಸೀಮೆಸುಣ್ಣದಲ್ಲಿ ಗುರುತು ಹಾಕತೊಡಗಿದ. ಒಂದು ಚಕ್ರ ಮುಗಿಸಿ ಎರಡನೆಯದಕ್ಕೆ ಸರಿದ, ಮೂರನೆಯದಕ್ಕೆ ಸರಿದ. ತನ್ನ ತಪ್ಪು ಹೊತ್ತುಕೊಂಡಿದ್ದವನೇ ತನ್ನ ಕಡ್ಡಿಯನ್ನು ಹಾಗೆ ನಂಬುವುದನ್ನು ನೋಡಿಕೊಂಡು ಸಣ್ಣತಿಮ್ಮಯ್ಯನಿಗೆ ಅಲ್ಲಿ ನಿಲ್ಲುವುದಕ್ಕಾಗಲಿಲ್ಲ.